ಕೊನೇ ಸಂಪುಟ ಕೊಟ್ಟುಬಿಡ್ತೀನಿ

ರೀ,

ಅಡುಗೆ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಂಡು ತಿನ್ನಿ. ನಲ್ಲಿ ರಿಪೇರಿಯವನು ಬರ್ತಾನೆ. ಹೋದ ಸಲದ ಹಾಗೆ ಬಾಗಿಲು ತೆಗೀದೆ ಕೂತಿರಬೇಡಿ.

ಬೀರುವಿನಲ್ಲಿ ನಿಮ್ಮ ಕಾದಂಬರಿಯ ಕೊನೇ ಸಂಪುಟದ ಕಟ್ಟು ಹುಡುಕಬೇಡಿ, ನನ್ನ ಚೀಲದಲ್ಲಿದೆ. ಔಷಧಿ ಅಂಗಡಿಗೆ ಕೆಲಸಕ್ಕೆ ಹೋಗೋ ದಾರೀಲಿ ಪ್ರಕಾಶಕರಿಗೆ ಕೊಟ್ಟುಬಿಡ್ತೀನಿ.

"ಇನ್ನೂ ಬರೀತಿದ್ದಾರೆ" ಅಂತ ಊರಿಗೆಲ್ಲ ಸುಳ್ಳು ಹೇಳಿ ಹೇಳಿ ಸಾಕಾಗಿದೆ. ನೀವು ಬರೆದು ಮುಗಿಸಿ ಎರಡು ವರ್ಷ ಆಯ್ತು. ಈಗ ನಡೀತಿರೋದು ಅಲ್ಪವಿರಾಮ ತೆಗೆಯೋದು, ಮತ್ತೆ ಅಲ್ಲೇ ಹಾಕೋದು, ಅಷ್ಟೇ. ನಿನ್ನೆ ಬಿಪಿ ಮಾತ್ರೆಗೆ ಬಂದ ಅಜ್ಜಿಯೊಬ್ಬರು ನನ್ನ ಕೈ ಹಿಡ್ಕೊಂಡು, "ನಾನಿನ್ನು ಎಷ್ಟು ದಿನವೋ. ಆ ರಾಜಕುಮಾರಿ ಮನೆ ಸೇರ್ತಾಳೋ ಇಲ್ವೋ, ಅಷ್ಟಾದ್ರೂ ಹೇಳಮ್ಮ" ಅಂದ್ರು. ನನಗೆ ಗೊತ್ತಿದ್ದೂ ಬಾಯಿ ಬಿಡೋಕಾಗಲಿಲ್ಲ.

ಕೋಪ ಬಂದ್ರೆ ಬರಲಿ. ಆ ರಾಜರು, ಮಾಯಾವಿಗಳು, ರೆಕ್ಕೆಯ ಹುಲಿಗಳು, ಇಷ್ಟು ವರ್ಷ ಜೊತೆಗಿದ್ದೋರನ್ನೆಲ್ಲ ಕಳಿಸಿಕೊಟ್ಟ ಮೇಲೆ ಮನೆ ಬಿಕೋ ಅನ್ನುತ್ತೆ ಅಂತ ನಿಮಗೆ ಹೆದರಿಕೆ. ನನಗೂ ಅರ್ಥ ಆಗುತ್ತೆ. ಆದ್ರೆ ಇದೇ ಮನೇಲಿ ನಾನೂ ಇದ್ದೀನಲ್ರೀ.

ಸಂಜೆ ಬೇಗ ಬಿಡಿ ಅಂತ ಅಂಗಡಿಯಲ್ಲಿ ಕೇಳಿದ್ದೀನಿ. ಒಗೆದ ಶರ್ಟು ಕುರ್ಚಿ ಮೇಲಿದೆ, ಹಾಕ್ಕೊಂಡು ತಯಾರಾಗಿರಿ. ಇಬ್ಬರೂ ಒಂದಿಷ್ಟು ದೂರ ನಡೆದು ಬರೋಣ.