ತಗ್ಗುಗದ್ದೆಯ ಬಣ್ಣ

ನಮ್ಮ ಬದುಗಳಿಗೂ ಕಾಲುವೆಗಳಿಗೂ ಮೊದಲ ಸಾಕ್ಷಿಯಾಗಿ, ಊರಿನ ಮೂಲೆಯ ಪುಟ್ಟ ಗುಡಿಯಲ್ಲಿ ಕುಳಿತು ಎಲ್ಲರ ನೆಲವನ್ನೂ ಸಮನಾಗಿ ಕಾಯುವ ನೆಲದಜ್ಜನಿಗೆ ವಂದಿಸಿ ಬರೆಯುತ್ತಿದ್ದೇನೆ.

ಲಾನ್‌ಶೀ, ಹಳೆಯ ಬೀದಿ
ಗಣರಾಜ್ಯದ ನೂರ ಹದಿಮೂರನೆಯ ವರ್ಷ, ಚಾಂದ್ರಮಾನದ ಎರಡನೆಯ ಮಾಸದ ಎರಡನೆಯ ದಿನ, ಸೋಮವಾರ, ನೆಲದಜ್ಜನ ಜನ್ಮದಿನ

ಪ್ರೀತಿಯ ತಮ್ಮ ದೇ-ಚ್ವಾನನಿಗೆ ಅಣ್ಣನ ಆಶೀರ್ವಾದಗಳು.

ನಿನ್ನ ಮೊಣಕಾಲಿನ ನೋವು ಈಗ ಹೇಗಿದೆ? ಪೂರ್ವತೀರದ ಗಾಳಿ ಶ್ವಾಸಕ್ಕೆ ಹಿತವಾದರೂ ಕೀಲುಗಳಿಗೆ ಒಗ್ಗದು ಎಂದು ನೀನು ಆ ಸೀತಾಫಲದ ತೋಟವನ್ನು ಕೊಂಡ ದಿನವೇ ನಾನು ಹೇಳಿದ್ದೆ, ನೀನು ನಕ್ಕಿದ್ದೆ. ಏಣಿ ಹತ್ತುವ ಕೆಲಸವನ್ನು ಇನ್ನಾದರೂ ಆಳಿಗೆ ಬಿಡು. ನಿನ್ನ ಮನೆಯಾಕೆ ಕಳುಹಿಸಿದ ಒಣಶುಂಠಿ ತಲುಪಿದೆ. ಅವಳಿಗೆ ನನ್ನ ಮೆಚ್ಚುಗೆ ತಿಳಿಸು. ನನ್ನ ಎಡಗಣ್ಣಿನ ಪೊರೆ ತೆಗೆಸಿದ ಮೇಲೆ ಬಣ್ಣಗಳೆಲ್ಲ ಹೊಸದಾಗಿ ತೊಳೆದಿಟ್ಟಂತೆ ಕಾಣುತ್ತಿವೆ. ಆ ಕಣ್ಣಿನಿಂದಲೇ ಮುಂದೆ ಹೇಳಲಿರುವ ತೊಂದರೆ ಕಂಡದ್ದು.

ನಮ್ಮ ಸಣ್ಣ ನಗರದ ಮುಂದಿನ ಇಪ್ಪತ್ತು ವರ್ಷಗಳ ನೆಲಬಳಕೆ ಹೇಗಿರಬೇಕೆಂಬ ಸಮಗ್ರ ಯೋಜನೆಯ ಕರಡನ್ನು ಪುರಸಭೆಯ ಗೋಡೆಗೆ ತೂಗುಹಾಕಿದ್ದಾರೆ. ಮೂವತ್ತು ದಿನಗಳ ಪ್ರದರ್ಶನ; ಸುದ್ದಿ ಮಾತ್ರ ಹೊಸ ವರ್ಷಕ್ಕೆ ಮುಂಚೆಯೇ ಹಬ್ಬಿತ್ತು. ಅಭಿಪ್ರಾಯವಿದ್ದವರು ಬರುವ ಶುಕ್ರವಾರ ಸಂಜೆ ಐದು ಗಂಟೆಯೊಳಗೆ ಬರೆದು ಸಲ್ಲಿಸಬೇಕು. ನಕ್ಷೆಯಲ್ಲಿ ಅಂಗಡಿಬೀದಿಗೆ ಕೆಂಪು, ವಾಸದ ಮನೆಗಳಿಗೆ ಹಳದಿ, ಬೇಸಾಯದ ಭೂಮಿಗೆ ಹಸಿರು. ನಮ್ಮಿಬ್ಬರ ಹೆಸರಿನಲ್ಲಿ ಇನ್ನೂ ಪಾಲಾಗದೆ ಉಳಿದಿರುವ ತಗ್ಗುಗದ್ದೆ ಅರವತ್ತು ವರ್ಷಗಳಿಂದ ಹಸಿರಾಗಿತ್ತು. ಈ ಬಾರಿ ಅದೂ ಅದರ ಸುತ್ತಲಿನ ಬಯಲೂ ಹಳದಿಯಾಗಿವೆ. ಹಳದಿಯಾದರೆ ಮಣ್ಣು ತುಂಬಿಸಿ ಎತ್ತರಿಸುತ್ತಾರೆ. ಎತ್ತರಿಸಿದರೆ ಹಳೆಯ ಬೀದಿಯ ಮೋರಿಯ ಬಾಯಿ ಮುಚ್ಚುತ್ತದೆ. ಆ ಬಾಯಿ ಇರುವುದು ನಮ್ಮ ಬದುವಿನಲ್ಲಿ. ದೊಡ್ಡ ನೆರೆ ಬಂದ ವರ್ಷ ನನಗೆ ಹದಿನಾಲ್ಕು, ನೀನು ಗೋಡೆ ಹಿಡಿದು ನಿಲ್ಲಲು ಕಲಿಯುತ್ತಿದ್ದೆ. ನೀರು ನಮ್ಮ ಹೊಸ್ತಿಲವರೆಗೆ ಬಂದು ನಿಂತಿತು, ಒಳಗೆ ಕಾಲಿಡಲಿಲ್ಲ. ಉಳಿದುದನ್ನೆಲ್ಲ ನಾಲ್ಕು ದಿನ ಆ ಗದ್ದೆ ತನ್ನೊಳಗೆ ಇಟ್ಟುಕೊಂಡಿತ್ತು. ಅಪ್ಪ ಆ ವರ್ಷದ ಬೆಳೆ ಕಳೆದುಕೊಂಡರು, ಅದರ ಬಗ್ಗೆ ಎಂದೂ ಮಾತೆತ್ತಲಿಲ್ಲ. ಇಷ್ಟನ್ನು ಬಲ್ಲವರು ಈ ಊರಿನಲ್ಲಿ ಇಂದು ಏಳೆಂಟು ಜನ ಉಳಿದಿದ್ದೇವೆ.

ಇನ್ನೊಂದು ಪಕ್ಷವನ್ನೂ ಬರೆಯದಿದ್ದರೆ ಅಧರ್ಮವಾಗುತ್ತದೆ. ನಿನ್ನ ಮಗ ಪೈ-ಲಿನ್ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕಟ್ಟಿಕೊಂಡು ನಾಲ್ಕನೆಯ ಮಹಡಿಯ ಎರಡು ಬಾಡಿಗೆ ಕೋಣೆಗಳಲ್ಲಿ ಎಂಟು ವರ್ಷ ಕಳೆದಿದ್ದಾನೆ. ಗದ್ದೆ ಹಳದಿಯಾದರೆ ನಿನ್ನ ಅರ್ಧದಲ್ಲಿ ಅವನು ಮನೆ ಕಟ್ಟಬಲ್ಲ. ಹೊಸ ವರ್ಷಕ್ಕೆ ಮುಂಚೆ ಒಂದು ಭಾನುವಾರ ಅವನು ಬದುವಿನ ಮೇಲೆ ಹೆಜ್ಜೆ ಅಳೆಯುತ್ತಾ ನಡೆಯುವುದನ್ನು ದೂರದಿಂದ ಕಂಡೆ. ಚಿಕ್ಕ ಮಗು ಅವನ ಹಿಂದೆ ಲೆಕ್ಕ ತಪ್ಪಿಸುತ್ತಾ ನಡೆಯುತ್ತಿತ್ತು. ನಾನು ಕೂಗಿ ಕರೆಯದೆ ಮನೆಗೆ ಹಿಂದಿರುಗಿದೆ.

ಕಳೆದ ಶನಿವಾರ ಪುರಸಭೆಯ ಮೂರನೆಯ ಮಹಡಿಯಲ್ಲಿ ಸಾರ್ವಜನಿಕ ಸಭೆ ನಡೆಯಿತು. ಯೋಜನೆಯನ್ನು ವಿವರಿಸಿದವಳು ಝುವಾಂಗ್ ಎಂಬ ಯುವತಿ. ವಿನಯವಂತೆ, ಕೇಳಿದ್ದನ್ನು ಬರೆದುಕೊಳ್ಳುವ ಅಭ್ಯಾಸವುಳ್ಳವಳು. ನಾನು ಎದ್ದು, ಪೂರ್ವಜರು ನೀರಿಗೆ ಕೊಟ್ಟ ಮರ್ಯಾದೆಯಿಂದ ಆರಂಭಿಸಿ ನೆರೆಯ ವರ್ಷದವರೆಗೆ ಬರುವಷ್ಟರಲ್ಲಿ ಬಾತುಕೋಳಿ ಸಾಕುವ ಆ-ಗ್ವೇ ಹಿಂದಿನ ಸಾಲಿನಿಂದ, "ಮೇಷ್ಟ್ರೇ, ನೀವು ಮುಗಿಸೋಷ್ಟರಲ್ಲಿ ನನ್ನ ಮರಿಗಳೆಲ್ಲ ಮೊಟ್ಟೆ ಇಡ್ತಾವೆ, ಗದ್ದೆ ವಿಷಯಕ್ಕೆ ಬನ್ನಿ" ಎಂದಳು. ಸಭೆ ನಕ್ಕಿತು, ನಾನೂ ನಕ್ಕೆ. ಈಗ ಪಂಪುಗಳಿವೆ, ಮೂವತ್ತು ವರ್ಷಗಳ ದಾಖಲೆಯಲ್ಲಿ ಅಲ್ಲಿ ನೀರು ನಿಂತಿಲ್ಲ ಎಂದು ಝುವಾಂಗ್ ಸಮಾಧಾನವಾಗಿ ತಿಳಿಸಿದಳು. ಅದಕ್ಕೂ ಉತ್ತರ ಕೊಟ್ಟವಳು ಆ-ಗ್ವೇಯೇ: "ಪಂಪಿಗೆ ಕರೆಂಟು ಬೇಕಮ್ಮ. ನೀರಿಗೆ ಬೇಡ." ಝುವಾಂಗ್ ನಕ್ಷೆಯ ಮೇಲೆ ಬೆರಳಿಟ್ಟು, ಮೋರಿಯ ಬಾಯಿ ಇರುವ ತುಂಡಿನ ಮಾಲೀಕರೆಲ್ಲರೂ ಒಮ್ಮತದಿಂದ ವಿರೋಧಿಸಿದರೆ ಆ ತುಂಡನ್ನು ಹಸಿರಾಗಿಯೇ ಉಳಿಸಿ, ಹಳದಿಯ ಗೆರೆಯನ್ನು ರಸ್ತೆಯವರೆಗೆ ಹಿಂದೆ ಸರಿಸುವಂತೆ ತಾನು ಸಮಿತಿಗೆ ಶಿಫಾರಸು ಮಾಡಬಲ್ಲೆನೆಂದಳು. ಮಾಲೀಕರು ಯಾರೆಂದು ಕೇಳಿದಳು. ನಾನೂ ನನ್ನ ತಮ್ಮನೂ, ನಮ್ಮಿಬ್ಬರದೂ ಒಂದೇ ಮನಸ್ಸು ಎಂದೆ.

ದೇ-ಚ್ವಾನ್, ಆ ಮಾತು ನನ್ನ ಬಾಯಿಂದ ಯೋಚನೆಯಿಲ್ಲದೆ, ನೀರು ಇಳಿದಷ್ಟು ಸುಲಭವಾಗಿ ಬಂತು. ಅಪ್ಪ ತೀರಿದ ಮೇಲೆ ನಮ್ಮ ಮನೆಯ ಪರವಾಗಿ ಎಲ್ಲ ಸಭೆಗಳಲ್ಲೂ ನಾನೇ ಮಾತನಾಡಿದ್ದೇನೆ. ಅಣ್ಣ ಆಡಿದ್ದು ಮನೆಯ ಮಾತು ಎಂಬ ನಂಬಿಕೆಯಲ್ಲೇ ಬೆಳೆದವನು. ಆಗ ಬಾಗಿಲ ಬಳಿ ನಿಂತಿದ್ದ ಪೈ-ಲಿನ್ ಕೈ ಎತ್ತಿದ. ಅವನು ಬಂದಿರುವುದೇ ನನಗೆ ತಿಳಿದಿರಲಿಲ್ಲ. ಸ್ವರ ಏರಿಸದೆ ಕೇಳಿದ: "ದೊಡ್ಡಪ್ಪ, ನಮ್ಮಪ್ಪನ್ನ ಯಾವಾಗ ಕೇಳಿದ್ರಿ?"

ಇಡೀ ಸಭೆ ನನ್ನತ್ತ ತಿರುಗಿತು. ನನ್ನ ಬಳಿ ಓದಿದವರೇ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರಿದ್ದರು. ಹೊಸ ವರ್ಷದ ಎರಡನೆಯ ದಿನ ದೂರವಾಣಿಯಲ್ಲಿ ಕೇಳಿದೆ, ಅವನು ಒಪ್ಪಿದ ಎಂದೆ. ಆ ದಿನ ನಾವು ಮಾತನಾಡಿದ್ದು ನಿನ್ನ ಮೊಣಕಾಲಿನ ವಿಷಯ ಮಾತ್ರ ಎಂಬುದು ನಿನಗೆ ಗೊತ್ತು. ಆ ದಿನ ಮಕ್ಕಳೊಡನೆ ನಿನ್ನ ಮನೆಗೆ ಬಂದಿದ್ದ ಪೈ-ಲಿನ್ ನಿನ್ನ ಪಕ್ಕದಲ್ಲೇ ಕುಳಿತು ಕಿತ್ತಳೆ ಸುಲಿಯುತ್ತಿದ್ದ, ನಡುವೆ ಒಮ್ಮೆ ನನಗೆ ನಮಸ್ಕಾರವನ್ನೂ ಹೇಳಿದ. ಅದು ನೆನಪಾಗುವ ಹೊತ್ತಿಗೆ ಮಾತು ಜಾರಿಹೋಗಿತ್ತು. ಅವನು ನನ್ನ ಮುಖವನ್ನು ನೋಡಿದ. ಒಂದು ವಾಕ್ಯ ಸಾಕಾಗಿತ್ತು ಅವನಿಗೆ; ಮನೆಯೂ ಅವನದಾಗುತ್ತಿತ್ತು, ಸಭೆಯೂ ಅವನದಾಗುತ್ತಿತ್ತು. "ಸರಿ. ದೊಡ್ಡಪ್ಪ ಹೇಳಿದ್ಮೇಲೆ ಮುಗೀತು" ಎಂದು ಹೇಳಿ ತಲೆ ಬಾಗಿಸಿ ಕುಳಿತುಬಿಟ್ಟ. ನೆರೆದವರು ಅದನ್ನು ಒಳ್ಳೆಯ ಮನೆತನದ ನಡತೆ ಎಂದು ಹೊಗಳಿದರು. ಝುವಾಂಗ್ ತನ್ನ ಪುಸ್ತಕದಲ್ಲಿ ಇಬ್ಬರು ಮಾಲೀಕರದೂ ವಿರೋಧವಿದೆ ಎಂದು ಬರೆದುಕೊಂಡಳು.

ಅಂದಿನಿಂದ ಅನ್ನ ರುಚಿಸುತ್ತಿಲ್ಲ. ಇಂದು ಬೆಳಗ್ಗೆ ಅಂಟಕ್ಕಿಯ ಉಂಡೆ, ಶೇಂಗಾ ಮಿಠಾಯಿಗಳನ್ನು ತೆಗೆದುಕೊಂಡು ಗುಡಿಗೆ ಹೋದೆ. ದೇವರ ಒಪ್ಪಿಗೆ ಕೇಳುವ ಆ ಎರಡು ಮರದ ತುಂಡುಗಳನ್ನು ಕೈಗೆತ್ತಿಕೊಂಡೆ. ನೆಲಕ್ಕೆ ಬಿಟ್ಟು, ಅವು ಬೀಳುವ ಬಗೆಯಲ್ಲಿ ಉತ್ತರ ನೋಡಲು ಧೈರ್ಯವಾಗಲಿಲ್ಲ. ಏನೆಂದು ಕೇಳಲಿ? ಗದ್ದೆಯ ವಿಷಯದಲ್ಲಿ ನನ್ನ ಮಾತು ಸತ್ಯ. ತಮ್ಮನ ವಿಷಯದಲ್ಲಿ ಸುಳ್ಳು. ಸುಳ್ಳನ್ನು ಹಿಂತೆಗೆದುಕೊಂಡರೆ ಒಮ್ಮತ ಮುರಿಯುತ್ತದೆ, ಮೋರಿಯ ಬಾಯಿ ಮುಚ್ಚಬಹುದು, ಮುಂದೊಂದು ಮಳೆಗಾಲ ಹಳೆಯ ಬೀದಿಯ ಮುದುಕರು ಹಾಸಿಗೆಯಲ್ಲೇ ಒದ್ದೆಯಾಗಬಹುದು. ಹಾಗೆಯೇ ಬಿಟ್ಟರೆ ನಿನ್ನ ಮಗನ ಮೌನವನ್ನು ಕದ್ದು ನಾನು ಧರ್ಮ ಕಾಪಾಡಿದಂತಾಗುತ್ತದೆ. ದೂರವಾಣಿಯಲ್ಲಿಯೇ ನಿನಗೆ ತಿಳಿಸಬಹುದಾಗಿತ್ತು. ಅದರ ಹೆಸರಿನಲ್ಲಿ ಸುಳ್ಳು ಹೇಳಿದವನಿಗೆ ಅದನ್ನೇ ಹಿಡಿದು ನಿಜ ಹೇಳಲು ಕೈ ಬರಲಿಲ್ಲ. ಅಣ್ಣನಾದವನು ತಮ್ಮನಲ್ಲಿ ಕ್ಷಮೆ ಬೇಡುವ ವಾಕ್ಯಕ್ಕಾಗಿ ನನ್ನ ಹಳೆಯ ಗ್ರಂಥಗಳನ್ನೆಲ್ಲ ತೆರೆದು ನೋಡಿದೆ, ಸಿಗಲಿಲ್ಲ. ಆದುದರಿಂದ ನನ್ನ ಮಾತಿನಲ್ಲೇ ಹೇಳುತ್ತೇನೆ. ತಪ್ಪಾಯಿತು, ತಮ್ಮ.

ನಿನ್ನ ಆರೋಗ್ಯ ಸುಧಾರಿಸಲಿ. ನಿನ್ನ ಮರಗಳು ಫಲಭಾರದಿಂದ ಬಾಗಲಿ.

ಇತಿ ನಿನ್ನ ಅಣ್ಣ,
ಯೆನ್ ದೇ-ಹಾನ್

ಮರುಬರಹ: ಅಂಚೆ ಕಚೇರಿಯ ಕಟ್ಟೆಯ ಮೇಲೆ ಅವಸರದಲ್ಲಿ ಬರೆಯುತ್ತಿದ್ದೇನೆ, ಮೂರು ಗಂಟೆಯ ಅಂಚೆಚೀಲ ಕಟ್ಟುತ್ತಿದ್ದಾರೆ. ಮೇಲಿನದನ್ನು ಮಡಿಸಿದ ಮೇಲೆ ಪೈ-ಲಿನ್‌ನನ್ನು ಕರೆಸಿ ಅವನ ಕಾರಿನಲ್ಲೇ ಪುರಸಭೆಗೆ ಹೋದೆ. ತಮ್ಮನನ್ನು ನಾನು ಕೇಳಿಲ್ಲ, ಸಭೆಯಲ್ಲಿ ಆಡಿದ್ದು ಸುಳ್ಳು ಎಂದು ನನ್ನ ಕೈಯಾರೆ ಬರೆದುಕೊಟ್ಟೆ. ಝುವಾಂಗ್ ಎರಡು ಸಲ ಓದಿ, "ಮೇಷ್ಟ್ರೇ, ಇದನ್ನ ತಗೊಂಡ್ರೆ ನಿಮ್ಮ ಗದ್ದೆ ಹಳದಿಯಾಗ್ಬಹುದು, ಗೊತ್ತಲ್ವಾ?" ಎಂದಳು. ಗೊತ್ತು, ತೆಗೆದುಕೋ ಎಂದೆ. ಆಗ ನಿನ್ನ ಮಗ ಅಂಗಿಯ ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದ. "ಬೇಜಾರು ಮಾಡ್ಕೋಬೇಡಿ ದೊಡ್ಡಪ್ಪ. ನನ್ನ ಅಭಿಪ್ರಾಯ ಶನಿವಾರನೇ ಬರೆದಿಟ್ಟಿದ್ದೆ. ನಿಮಗೆ ವಿರುದ್ಧವಾಗೇ ಇದೆ." ಕೊಡು, ಇಲ್ಲಿಯಾದರೂ ಗಟ್ಟಿಯಾಗಿ ಹೇಳು ಎಂದೆ. ಅವಳು ಎರಡಕ್ಕೂ ಒಂದೇ ಮೊಹರು ಒತ್ತಿದಳು. ಮೆಟ್ಟಿಲಿಳಿಯುವಾಗ ಅವನು ನನ್ನ ಮೊಣಕೈ ಹಿಡಿದಿದ್ದ. ಇನ್ನು ನಿನ್ನ ಮಾತೊಂದೇ ಬಾಕಿ. ಮಾಲೀಕನ ಅಭಿಪ್ರಾಯದ ಹಾಳೆಯನ್ನು ಖಾಲಿಯಾಗಿಯೇ ಇದರೊಳಗೆ ಇಟ್ಟಿದ್ದೇನೆ. ಶುಕ್ರವಾರ ಸಂಜೆ ಐದರೊಳಗೆ ಅದು ಕಚೇರಿಗೆ ತಲುಪಬೇಕು. ನನಗೆ ಕಳುಹಿಸಬೇಡ, ನೇರವಾಗಿ ಅವರಿಗೇ ಕಳುಹಿಸು. ನನ್ನನ್ನು ಮೆಚ್ಚಿಸಲು ಹಸಿರೆನ್ನಬೇಡ, ಮಗನನ್ನು ಮೆಚ್ಚಿಸಲು ಹಳದಿಯೆನ್ನಬೇಡ. ಏನು ಬರೆದೆಯೆಂದು ನಾನು ಕೇಳುವುದಿಲ್ಲ. ನಕ್ಷೆ ಬರೆದವರಿಗೂ, ಅದನ್ನು ಒಪ್ಪಿದವರಿಗೂ, ಎದುರಿಸಿದವರಿಗೂ, ತಗ್ಗಿನಲ್ಲಿ ಮಲಗುವ ಮುದುಕರಿಗೂ, ಮನೆಗಾಗಿ ಕಾದಿರುವ ಆ ಇಬ್ಬರು ಹೆಣ್ಣುಮಕ್ಕಳಿಗೂ ಒಳಿತಾಗಲಿ.