ಮೊಣಕಾಲೆತ್ತರದ ಫೋಟೊ

ಅಮರ,

ಎದ್ದು ನನ್ನನ್ನು ಹುಡುಕಬೇಡ. ದೇವಸ್ಥಾನದಲ್ಲಿ ನಮ್ಮ ಬೀದಿ ಸಂಘದ ಸಭೆಗೆ ಹೋಗಿದ್ದೇನೆ. ನೀನು ಬರಬೇಡ. ಬಂದರೆ ‘ಹೋಗ್ಲಿ ಬುಡಕ್ಕ’ ಅಂತ ನನ್ನ ಸೆರಗು ಎಳೆಯುತ್ತೀಯ.

ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ, ತಿನ್ನು. ರಾತ್ರಿಯೂ ನೀನು ತಿಂದಿಲ್ಲ.

ಅಟ್ಟದಲ್ಲಿರುವ ಪುನುಗು ಬೆಕ್ಕಿನ ಮರಿಗಳನ್ನು ಒಯ್ಯಲು ಅರಣ್ಯ ಇಲಾಖೆಯವರು ಬರುತ್ತಾರೆ. ಸತ್ತ ತಾಯಿಯನ್ನು ಗೋಣಿಯಲ್ಲಿ ಸುತ್ತಿ ಹಿತ್ತಲಲ್ಲಿ ಇಟ್ಟಿದ್ದೇನೆ. ಅದನ್ನೂ ಕೊಡು, ಯಾವ ವಿಷ ಅಂತ ಅವರೇ ನೋಡಲಿ. ಅವರ ಮುಂದೆ ಅಳಬೇಡ.

ನಿನ್ನ ಕ್ಯಾಮೆರಾದ ಫೋಟೊ ನನ್ನ ಹತ್ತಿರ ಇದೆ. ಪ್ರಾಣಿಗಳ ಸಮೀಕ್ಷೆಗೆಂದು ನೀನು ಆ ಕ್ಯಾಮೆರಾವನ್ನು ಸೀಬೆ ಮರಕ್ಕೆ ಮೊಣಕಾಲೆತ್ತರದಲ್ಲಿ ಕಟ್ಟಿದ್ದೆ. ಹಾಗಾಗಿ ವಿಷದ ಬಾಳೆಹಣ್ಣು ಇಟ್ಟವನ ಮುಖ ಬಿದ್ದಿಲ್ಲ, ಕಾಲು ಮಾತ್ರ ಬಿದ್ದಿದೆ. ಅದಕ್ಕೇ ನಿನ್ನೆ ನಾವಿಬ್ಬರೂ ಕೇಳಲು ಹೋದಾಗ ಮೂಲೆಮನೆ ಶಿವಸ್ವಾಮಿ ನನ್ನತ್ತ ಹಲ್ಲು ಕಿರಿದ: “ಯಾರ್ ಕಾಲೋ ಏನೋ ಕಣಮ್ಮ, ಮುಖ ಇದ್ರೆ ತೋರ್ಸು.” ಇಷ್ಟೆಲ್ಲ ಓದಿದ ನೀನು ತಲೆ ತಗ್ಗಿಸಿಕೊಂಡು ಬಂದೆ. ನಾನು ಬಿಡುವವಳಲ್ಲ.

ಫೋಟೊದಲ್ಲಿ ಚಪ್ಪಲಿ ಇದೆ ಕಣೋ. ಒಂದಕ್ಕೆ ಬಿಳಿ ಬಾರು, ಇನ್ನೊಂದಕ್ಕೆ ಕಪ್ಪು. ಆ ಜಿಪುಣ ಶಿವಸ್ವಾಮಿ ಸಭೆಗೂ ಅದನ್ನೇ ಮೆಟ್ಟಿಕೊಂಡು ಬರುತ್ತಾನೆ, ಎಲ್ಲರ ಹಾಗೆ ಹೊರಗೆ ಬಿಡುತ್ತಾನೆ. ಮಧ್ಯಾಹ್ನ ಸಭೆ ಮುಗಿದು ಜನ ಹೊರಗೆ ಬರುವಾಗ ಒಂದು ಕೈಯಲ್ಲಿ ಫೋಟೊ, ಇನ್ನೊಂದು ಕೈಯಲ್ಲಿ ಆ ಜೋಡಿ ಹಿಡಿದು ನಿಂತು, ಇದು ಯಾರದು ಅಂತ ಕೇಳುತ್ತೇನೆ.

ನನ್ನದು ಅಂದರೆ ಇಡೀ ಬೀದಿಯ ಮುಂದೆ ತಪ್ಪು ಒಪ್ಪಿಕೊಂಡ ಹಾಗೆ. ಅಲ್ಲ ಅಂದರೆ ಈ ಬಿಸಿಲಲ್ಲಿ, ಕಾದ ಟಾರು ರಸ್ತೆಯ ಮೇಲೆ, ಬರಿಗಾಲಲ್ಲಿ ಮನೆ ಸೇರಲಿ.

ಅಕ್ಕ