ಹನ್ನೆರಡನೆಯ ಪದ

ಭಟ್ಟಿ ಕೇರಿ, ದಾವಣಗೆರೆ
ಇಸವಿ 2171, ಫೆಬ್ರವರಿ 30

ಪಂಕಜಾ ಮಿಸ್ ಅವರಿಗೆ ರಮೀಜಾ ದುರುಗಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಕೈತಪ್ಪು ಎಂದುಕೊಳ್ಳಬೇಡಿ. ನಿಮ್ಮ ಕಾಲದ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವೆಂದು ನನಗೆ ಗೊತ್ತು. ನಮ್ಮ ಅಜ್ಜಂದಿರ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸರಿಸಮ ಮಾಡಿದರು. ತಿಂಗಳು ಸರಿಯಾಯಿತು, ಬೇರೇನೂ ಸರಿಯಾಗಲಿಲ್ಲ. ಈ ಪತ್ರದ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು, ಅರ್ಥ ಹೇಳುತ್ತಲೇ ಹೋಗುತ್ತೇನೆ. ಮೊದಲ ದಿನ ನೀವು ಬ್ಲಾಕ್‌ಚೈನ್ ಎಂದಾಗ ನಿಮ್ಮ ಮಕ್ಕಳೂ ಮಿಕಿಮಿಕಿ ನೋಡಿದ್ದರೆಂದು ನೀವೇ ಬರೆದಿದ್ದೀರಿ.

ಈ ಕಾಗದ ನಿಮಗೆ ತಲುಪುವುದಿಲ್ಲ. ಹಿಂದಕ್ಕೆ ಹೋಗುವ ಅಂಚೆಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಆದರೆ ನಮ್ಮ ಕಾನೂನಿನಲ್ಲಿ ಒಂದು ಒಳ್ಳೆಯ ಕಲಮು ಅದು ಹೇಗೋ ಉಳಿದುಕೊಂಡಿದೆ. ಸರ್ಕಾರದ ಆಜ್ಞೆಯನ್ನು ಒಪ್ಪದವರು, ಏಕೆ ಒಪ್ಪುವುದಿಲ್ಲವೆಂದು ತಮಗೆ ಬೇಕಾದವರ ಹೆಸರಿಗೆ ಬರೆದು ದಾಖಲಿಸಬಹುದು. ಆ ವ್ಯಕ್ತಿ ಬದುಕಿರಬೇಕೆಂದೇನೂ ಇಲ್ಲ. ಇದಕ್ಕೆ ನಾವು ಒಲ್ಲೆಪತ್ರ ಎನ್ನುತ್ತೇವೆ. ಸಾಮಾನ್ಯವಾಗಿ ಜನ ದೇವರಿಗೆ ಬರೆಯುತ್ತಾರೆ, ಕೆಲವರು ತೀರಿಕೊಂಡ ಗಂಡನಿಗೆ. ನಾನು ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ಈ ರಗಳೆಯೆಲ್ಲ ಶುರುವಾದದ್ದು ನಿಮ್ಮಿಂದ.

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಸರ್ಕಾರದ ಊರು ನಿರ್ಮಲ ಮಂಡಳಿಯವರು ನನ್ನ ಮನೆಗೆ ಬರುತ್ತಾರೆ. ನನ್ನ ತಲೆಯೊಳಗಿರುವ ಒಂದೇ ಒಂದು ಪದ ಅವರಿಗೆ ಬೇಕು. ನಿಮ್ಮ ವಿದ್ಯಾರ್ಥಿನಿ ತಸ್ಲೀಮಾಳ ಖಾತೆಯ ಹನ್ನೆರಡು ಬೀಗಪದಗಳಲ್ಲಿ ಅದು ಕೊನೆಯದು. ಉಳಿದ ಹನ್ನೊಂದು ಆಗಲೇ ಅವರ ಕೈಸೇರಿವೆ. ಇದೊಂದು ಸಿಕ್ಕರೆ ಅವಳು ಬರೆದ ಹೊಗೆಯ ದಿನಚರಿಯ ಮೇಲೆ ತೆರೆ ಎಳೆಯುತ್ತಾರೆ. ಸರಪಳಿಗೆ, ಅಂದರೆ ನಿಮ್ಮ ಬ್ಲಾಕ್‌ಚೈನಿಗೆ, ಏರಿಸಿದ ಬರಹವನ್ನು ಅಳಿಸಲು ಈಗಲೂ ಆಗುವುದಿಲ್ಲ, ನೀವು ಹೇಳಿಕೊಟ್ಟದ್ದು ಸುಳ್ಳಾಗಿಲ್ಲ. ಆದರೆ ಖಾತೆಯ ಒಡೆಯರು ತೆರೆ ಎಳೆದರೆ ಅದನ್ನು ಮತ್ತೆ ಯಾರೂ ಓದುವಂತಿಲ್ಲ ಎಂದು ಹೊಸ ಕಾಯ್ದೆ ಬಂದಿದೆ, ಮತ್ತು ಹನ್ನೆರಡೂ ಪದ ಯಾರ ಬಳಿ ಇವೆಯೋ ಅವರೇ ಒಡೆಯರು. ಯಾವ ದಿನ ಎಂಥ ಹೊಗೆ, ಯಾವ ಗುಂಡಿಗೆ ಎಷ್ಟು ಗಾಡಿ ಟೈರಿನ ಬೂದಿ ಸುರಿದರು ಎಂಬುದೆಲ್ಲ ಆ ದಿನಚರಿಯಲ್ಲಿದೆ. ಆ ಗುಂಡಿಗಳ ಮೇಲೆಯೇ ಈಗ ನಮ್ಮ ಮನೆಗಳಿವೆ. ಬೇಸಿಗೆಯ ಗಾಳಿಗೆ ಆ ಬೂದಿ ಮೇಲೆದ್ದು ಮಕ್ಕಳ ಎದೆಗೆ ಇಳಿಯುತ್ತದೆ. ಮಣ್ಣು ಮೊದಲಿನಿಂದಲೂ ಶುದ್ಧವಾಗಿತ್ತು, ಮದ್ದಿನ ಹೊಣೆ ನಮ್ಮದಲ್ಲ ಎಂದು ಮಂಡಳಿ ವಾದಿಸುತ್ತಿದೆ. ಅದನ್ನು ಸುಳ್ಳೆಂದು ತೋರಿಸಲು ಹದಿನೇಳು ವರ್ಷದ ಒಬ್ಬ ಹುಡುಗಿಯ ಬರಹ ಬಿಟ್ಟರೆ ನಮ್ಮ ಬಳಿ ಬೇರೇನೂ ಇಲ್ಲ.

ನಾನು ಆ ಪದ ಕೊಡುವುದಿಲ್ಲ. ಒಲ್ಲೆಪತ್ರದಲ್ಲಿ ಹೇಳಬೇಕಾದದ್ದು ಇಷ್ಟೇ. ಮುಂದಿನದು ನಿಮ್ಮೊಡನೆ ಮಾತಾಡುವ ಆಸೆಗೆ ಬರೆಯುತ್ತಿರುವುದು.

ಸರಪಳಿಯಲ್ಲಿರುವ ನಿಮ್ಮ ಮುನ್ನೂರ ಹನ್ನೊಂದು ಬರಹಗಳನ್ನೂ ನಾನು ಓದಿದ್ದೇನೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಹೆಂಗಸು ನೀವು. ಕಂಪ್ಯೂಟರ್ ಸೆಂಟರಿನವರು ಕೆಲಸದಿಂದ ತೆಗೆದ ಮೇಲೆ ಮಂಡಕ್ಕಿ ಗೋದಾಮಿನ ಮಹಡಿಯ ಕೋಣೆ ಹಿಡಿದು, ನಾಲ್ಕು ಹಳೇ ಫೋನು ಇಟ್ಟುಕೊಂಡು, ಶಾಲೆ ಬಿಟ್ಟ ಒಂಬತ್ತು ಮಕ್ಕಳನ್ನು ಕೂಡಿಸಿದಿರಿ. ಮಂಡಕ್ಕಿ ಹುರಿಯುವ ಭಟ್ಟಿಯ ಕೆಲಸ ಮುಗಿಸಿ ಹುಬ್ಬಿನ ಮೇಲೆಲ್ಲ ಉಪ್ಪು, ಹೊಟ್ಟಿನ ದೂಳು ಹೊತ್ತುಕೊಂಡೇ ಅವರು ಮೆಟ್ಟಿಲು ಹತ್ತಿ ಬರುತ್ತಿದ್ದರು. ಪಕ್ಕದ ರಸ್ತೆಯಲ್ಲಿ ಇನ್ನೊಬ್ಬ, ಡಿಜಿಟಲ್ ನಾಣ್ಯ ಕೊಂಡರೆ ಆರು ತಿಂಗಳಲ್ಲಿ ಬೈಕು ಬರುತ್ತದೆಂದು ಇದೇ ಮಕ್ಕಳ ಕೂಲಿ ಕೀಳುತ್ತಿದ್ದ. ನೀವು ಹಾಡುಹಗಲೇ ಹೋಗಿ ಅವನ ಬ್ಯಾನರು ಹರಿದು ಬಂದದ್ದನ್ನು ನಾಲ್ಕು ಸಲ ಓದಿ ನಕ್ಕಿದ್ದೇನೆ. ನಿಮ್ಮ ಮೊದಲ ಪಾಠ ನಮ್ಮ ಶಾಲೆಯ ಗೋಡೆಯ ಮೇಲೆ ಈಗಲೂ ಇದೆ, ನಿಮ್ಮ ಮಾತಿನಲ್ಲೇ ಬರೆಸಿದ್ದೇವೆ: “ಇದ್ರಾಗೆ ಲಕ್ಷಾಧೀಶ್ವರ ಆಗ್ತೀನಿ ಅಂತ ಬಂದೋರು ಈಗ್ಲೇ ಎದ್ದು ಹೋಗ್ರಿ. ನೀವು ಬರ್ದಿದ್ದು ನಿಮ್ದು. ಅದನ್ನ ಯಾರೂ ಕಸ್ಕಳಕ್ಕಾಗಲ್ಲ. ಅಷ್ಟು ಮಾತ್ರ ನಾನು ಹೇಳ್ತೀನಿ.”

ಇಬ್ಬರು ಎದ್ದು ಹೋದರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಮೂರು ವರ್ಷದಿಂದ ಪೆನ್ನು ಮುಟ್ಟದ ತಸ್ಲೀಮಾ ಕೂತಳು. ಮೊದಮೊದಲು ಎಲ್ಲರ ಹಾಗೆ ಅವಳೂ ಯಶಸ್ಸಿನ ಹತ್ತು ಸೂತ್ರ, ಸೌಂದರ್ಯಕ್ಕೆ ಅರಿಸಿನ ಎಂದೆಲ್ಲ ಎಲ್ಲಿಂದಲೋ ಎತ್ತಿ ಬರೆದಳು. ಅದನ್ನು ಓದಿದವರು ನೀವೊಬ್ಬರೇ. ಒಂದು ದಿನ ನಿಮಗೆ ರೇಗಿತು. “ಬೆಳಿಗ್ಗೆ ಎದ್ದು ಮೊದ್ಲು ಏನು ನೋಡ್ದಿ, ಅದನ್ನ ಬರಿ” ಎಂದಿರಿ. ಅವಳು “ಹೊಗಿ ನೋಡ್ದೆ ಮಿಸ್, ಮತ್ತೇನೈತಿ ನೋಡಾಕೆ” ಎಂದಳು. ಯಾವ ಬಣ್ಣದ್ದು ಎಂದು ಕೇಳಿದಿರಿ. ದಿನಚರಿ ಶುರುವಾದದ್ದು ಹಾಗೆ. ‘ಇವತ್ತಿನ ಹೊಗೆ ಸುಟ್ಟ ಬದನೆಕಾಯಿ ಬಣ್ಣ. ಭಟ್ಟಿಗೆ ಮತ್ತೆ ಟೈರು ಹಾಕಿದ್ದಾರೆ. ಅಮ್ಮ ಮೊರ ಕೆಳಗಿಟ್ಟು ಮೂರು ಸಲ ಕೆಮ್ಮಿದಳು.’ ಇಂಥವೇ ಪುಟ್ಟ ಪುಟ್ಟ ಸಾಲುಗಳು. ಅವನ್ನು ಎಲ್ಲಿಯವರೋ ಓದಿದರು, ಮೆಚ್ಚಿ ಮತ ಹಾಕಿದರು, ಆ ಮತವೇ ಗಳಿಕೆಯಾಗಿ ಖಾತೆಗೆ ಬಂತು. ಮೊದಲ ಗಳಿಕೆಯಲ್ಲಿ ಅಮ್ಮನಿಗೆ ಕೆಮ್ಮಿನ ಔಷಧಿ, ತನಗೊಂದು ಜೊತೆ ಚಪ್ಪಲಿ ತಂದಳು. ಆ ಚಪ್ಪಲಿಯ ಬಗ್ಗೆಯೂ ಒಂದು ಬರಹವಿದೆ, ಸ್ವಲ್ಪ ಜಂಬದ್ದು.

ಇನ್ನು ನಿಮ್ಮ ನೂರ ಹದಿನೆಂಟನೆಯ ಬರಹ. ಖಾತೆ ತೆರೆದಾಗ ಸಿಗುವ ಹನ್ನೆರಡು ಪದಗಳನ್ನು ಚೀಟಿಯಲ್ಲಿ ಬರೆದು ಮುಚ್ಚಿಡಿ, ಹೆತ್ತ ತಾಯಿಗೂ ಹೇಳಬೇಡಿ ಎಂದು ನೀವು ಹೇಳಿಕೊಟ್ಟಿದ್ದಿರಿ. ಪುಸ್ತಕದ ಪ್ರಕಾರ ಅದು ಸರಿ. ಆದರೆ ನಿಮ್ಮ ಮನೆ ಬೇರೆ, ಭಟ್ಟಿ ಕೇರಿಯ ಮನೆ ಬೇರೆ. ಇಲ್ಲಿ ಬೆಲೆಬಾಳುವ ವಸ್ತುವನ್ನು ಯಾರೂ ಸ್ವಂತ ಮನೆಯಲ್ಲಿ ಇಡುತ್ತಿರಲಿಲ್ಲ. ಒಂದೇ ಕೋಣೆ, ಕುಡಿದು ಬರುವ ಗಂಡ, ಚೀಟಿ ಕಂಡರೆ ಒಲೆಗೆ ಹಾಕುವ ಅತ್ತೆ, ಮೇಲಿಷ್ಟು ಇಲಿ. ಆದ್ದರಿಂದ ರೇಷನ್ ಕಾರ್ಡು ಒಬ್ಬರ ಮನೆಯಲ್ಲಿ, ಕಿವಿಯೋಲೆ ಇನ್ನೊಬ್ಬರ ಮನೆಯಲ್ಲಿ. ಇಟ್ಟುಕೊಂಡವರು ಒಡತಿ ಕೇಳಿದಾಗ ಕೊಡುತ್ತಿದ್ದರು, ಬೇರೆಯವರು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ತಸ್ಲೀಮಾ ಅದನ್ನೇ ಮಾಡಿದಳು. ಸಾಲಾಗಿ ಕೂತು ಮಂಡಕ್ಕಿ ಕೇರುವ ಹನ್ನೆರಡು ಹೆಂಗಸರಿಗೆ ಒಂದೊಂದು ಪದ ಬಾಯಿಪಾಠ ಮಾಡಿಸಿ, ಚೀಟಿಯನ್ನು ಭಟ್ಟಿಗೆ ಹಾಕಿಬಿಟ್ಟಳು.

ನಿಮಗೆ ಗೊತ್ತಾದಾಗ ನೆತ್ತಿಗೆ ಏರಿತು. ‘ಬೀಗದ ಕೈಯನ್ನು ಮಂಡಕ್ಕಿ ಹಂಚಿದ ಹಾಗೆ ಕೇರಿಗೆಲ್ಲ ಹಂಚಿದ್ದಾಳೆ. ಇವರಿಗೆ ಕಲಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಇವತ್ತಿನಿಂದ ಕ್ಲಾಸು ಬಂದ್’ ಎಂದು ಆ ನೂರ ಹದಿನೆಂಟನೆಯದರಲ್ಲಿ ಬರೆದು ಬಾಗಿಲಿಗೆ ಬೀಗ ಹಾಕಿದಿರಿ. ಹತ್ತೊಂಬತ್ತು ದಿನ ನೀವು ಒಂದಕ್ಷರ ಬರೆಯಲಿಲ್ಲ.

ಇಪ್ಪತ್ತನೆಯ ದಿನದ ಬರಹವನ್ನು ನಮ್ಮ ಕೇರಿಯ ಪ್ರತಿ ಮಗುವೂ ಬಾಯಿಪಾಠ ಒಪ್ಪಿಸುತ್ತದೆ. ಭಟ್ಟಿಗಳಿಗೆ ಹಳೇ ಟೈರು ಪೂರೈಸುವ ಸಾಹುಕಾರನಿಗೆ ದಿನಚರಿಯ ಸುದ್ದಿ ಮುಟ್ಟಿತ್ತು. ಅವನು ತಸ್ಲೀಮಾಳ ಫೋನು ಕಿತ್ತುಕೊಂಡು, ಬೀಗಪದ ಹೇಳು, ಖಾತೆ ನಾನು ನೋಡಿಕೊಳ್ಳುತ್ತೇನೆ ಎಂದು ಗದರಿದ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: “ನನ್ನತ್ರ ಇಲ್ಲ ಸಾಹುಕಾರ್ರೆ, ಕೇರೋರ ಹತ್ರ ಐತಿ.” ಅವನು ಮೊದಲನೆಯವಳನ್ನು ಕೇಳಿದ. ಅವಳು ಮೊರದಿಂದ ತಲೆ ಎತ್ತದೆ “ನಂಗೆಲ್ಲಿ ನೆಪ್ಪೈತಿ, ಪಕ್ಕದಾಕಿನ್ನ ಕೇಳ್ರಿ” ಎಂದಳು. ಎರಡನೆಯವಳು ಮೂರನೆಯವಳನ್ನು ತೋರಿಸಿದಳು. ಹನ್ನೆರಡನೆಯವಳು ಮತ್ತೆ ಮೊದಲನೆಯವಳನ್ನು ತೋರಿಸಿದಳು. ಎರಡು ಸುತ್ತು ತಿರುಗುವಷ್ಟರಲ್ಲಿ ಅವನ ಬಿಳಿ ಪ್ಯಾಂಟೆಲ್ಲ ಹೊಟ್ಟು. ಹನ್ನೆರಡು ಜನರನ್ನು ಹೊಡೆಯಲು ಅವನಿಗೆ ಧೈರ್ಯವಿರಲಿಲ್ಲ, ಒಬ್ಬಳೇ ಆಗಿದ್ದರೆ ಖಂಡಿತ ಹೊಡೆಯುತ್ತಿದ್ದ. ಆ ಸಂಜೆ ನೀವು ಬೀಗ ತೆಗೆದಿರಿ. ‘ನನಗಿಂತ ಈ ಹುಡುಗಿಗೆ ಭದ್ರತೆಯ ವಿಷಯ ಹೆಚ್ಚು ಗೊತ್ತು’ ಎಂದು ಬರೆದಿರಿ. ನಿಮ್ಮಂಥವರು ಅಷ್ಟು ಬರೆಯುವುದು ಸಣ್ಣ ಮಾತಲ್ಲ ಮಿಸ್.

ಅಂದಿನಿಂದ ಹನ್ನೆರಡು ಮನೆ ನಮ್ಮ ಕಟ್ಟಳೆಯಾಯಿತು. ಪ್ರತಿ ಮನೆಯಲ್ಲೂ ಪದ ಅಜ್ಜಿಯಿಂದ ಮೊಮ್ಮಗಳಿಗೆ, ಅವಳಿಗೆ ಹದಿನೇಳು ತುಂಬಿದಾಗ, ಕಿವಿಯಲ್ಲಿ ಇಳಿಯುತ್ತದೆ. ಈಗ ನಮ್ಮ ಶಾಲೆಯಲ್ಲಿ ಇಪ್ಪತ್ತೆರಡು ಮಕ್ಕಳಿದ್ದಾರೆ. ಸೆಕೆಗೆ ಮೇಲೆ ಕೂರಲಾಗದೆ ನೆಲಮಾಳಿಗೆಯಲ್ಲಿ ಪಾಠ. ಮಂಡಕ್ಕಿಯನ್ನು ಬಿಸಿಲೊಲೆಯಲ್ಲಿ ಅರಳಿಸುತ್ತೇವೆ, ಮೆಣಸಿನಕಾಯಿ ಬಜ್ಜಿಯ ಜೊತೆಗೇ ತಿನ್ನುತ್ತೇವೆ, ಅದರಲ್ಲಿ ಯಾವ ಬದಲಾವಣೆಗೂ ಊರು ಒಪ್ಪಿಲ್ಲ. ನಮ್ಮ ಕಾಲದಲ್ಲಿ ಓದಲು ಸಿಗುವುದರಲ್ಲಿ ಮುಕ್ಕಾಲು ಪಾಲು ಯಂತ್ರ ಬರೆದದ್ದು. ಆದ್ದರಿಂದ ಬದುಕಿರುವ ಮನುಷ್ಯನೇ ಬರೆದನೆಂದು ಹನ್ನೆರಡು ಜನ ಸಾಕ್ಷಿ ಹೇಳಿ ಸರಪಳಿಗೆ ಏರಿಸಿದ ಬರಹಕ್ಕೆ ಬೇಡಿಕೆ ಇದೆ. ವಾರಕ್ಕೊಮ್ಮೆ ಹನ್ನೆರಡು ಹೆಂಗಸರು ಕೂಡುತ್ತೇವೆ, ಮಕ್ಕಳು ಬರೆದದ್ದನ್ನು ಓದಿಸಿ ಕೇಳುತ್ತೇವೆ, ಒಬ್ಬೊಬ್ಬರೂ ನಮ್ಮ ಪದ ಒತ್ತಿ ತಸ್ಲೀಮಾಳ ಖಾತೆಗೆ ಏರಿಸುತ್ತೇವೆ. ಜನ ಓದಿದಷ್ಟೂ ಮಕ್ಕಳಿಗೆ ಓದುಗೂಲಿ ಬರುತ್ತದೆ. ಒಬ್ಬ ಹುಡುಗ ಕೊಳಾಯಿ ರಿಪೇರಿಯ ಬಗ್ಗೆ ಬರೆದೇ ತನ್ನ ತಂಗಿಯನ್ನು ಓದಿಸಿದ.

ಉಳಿದ ಹನ್ನೊಂದು ಮನೆಯವರನ್ನು ನಾನು ಬೈಯುವುದಿಲ್ಲ. ಮಂಡಳಿ ಅವರಿಗೆ ಹೊಸ ಬಡಾವಣೆಯಲ್ಲಿ ಮನೆ, ದಿನವಿಡೀ ನೀರು ಕೊಡುತ್ತೇನೆಂದಿತು. ನೀರಿನ ಮುಂದೆ ಯಾರ ಹಟ ನಿಲ್ಲುತ್ತದೆ? ಪದ ಕೊಟ್ಟು ಬಂದ ಹೊನ್ನೂರಮ್ಮ ನನ್ನ ಹೊಸ್ತಿಲಲ್ಲಿ ಕೂತು ಅತ್ತಳು. “ಮಗೀಗೆ ಉಸ್ರಾಡಕ್ಕಾಗವಲ್ದು ಅಕ್ಕ, ನಾನೇನು ಮಾಡ್ಲಿ” ಎಂದಳು. ಅವಳಿಗೆ ಊಟ ಹಾಕಿ ಕಳಿಸಿದೆ. ಸಿಟ್ಟು ಬಂದದ್ದು ಅವಳ ಮೇಲಲ್ಲ. ಮಗುವಿನ ಉಸಿರು ಕೆಡಿಸಿದ್ದನ್ನು ಮುಚ್ಚಿಹಾಕಲು ಅದೇ ಮಗುವಿನ ಉಸಿರನ್ನು ತೋರಿಸಿ ಹೆದರಿಸುವವರ ಮೇಲೆ. ಅವರ ಬಗ್ಗೆ ನನಗೆ ಬಾಯಿಗೆ ಬರುವ ಮಾತನ್ನು ಒಲ್ಲೆಪತ್ರದಲ್ಲಿ ಬರೆಯಬಾರದಂತೆ.

ನಾನು ಕೊಡದಿದ್ದರೆ ನನ್ನ ನೀರುಚೀಟಿ ರದ್ದಾಗುತ್ತದೆ. ನೀರುಚೀಟಿ ಇಲ್ಲದವರು ಊರಿನ ನಲ್ಲಿ ಮುಟ್ಟುವಂತಿಲ್ಲ. ನನಗೆ ಅರವತ್ತಮೂರು, ಹೇಗೋ ಆಗುತ್ತದೆ. ನನ್ನ ನಿಜವಾದ ಸಂಕಟ ಬೇರೆ. ಈ ಉಗಾದಿಗೆ ನನ್ನ ಮೊಮ್ಮಗಳು ಶಿಫಾಗೆ ಹದಿನೇಳು. ಪದ ಅವಳಿಗೆ ಹೋಗಬೇಕು. ಆದರೆ ಹನ್ನೊಂದು ಪದ ಮಂಡಳಿಯ ಕೈಯಲ್ಲಿರುವಾಗ ಹನ್ನೆರಡನೆಯದು ಯಾರ ಬಳಿ ಇದೆಯೋ ಅವರ ಬೆನ್ನನ್ನು ಅವರು ಬದುಕಿರುವ ತನಕ ಬಿಡುವುದಿಲ್ಲ. ಹಾಗಾಗಿ ಅದು ನನ್ನೊಂದಿಗೇ ಮಣ್ಣಾಗಬೇಕು. ಆಗ ದಿನಚರಿಯ ಮೇಲೆ ತೆರೆ ಎಳೆಯಲು ಪ್ರಪಂಚದಲ್ಲಿ ಯಾರಿಗೂ ಆಗುವುದಿಲ್ಲ. ಆದರೆ ಆ ಖಾತೆಯಲ್ಲಿ ಇನ್ನೊಂದು ಸಾಲು ಬರೆಯಲೂ ಆಗುವುದಿಲ್ಲ. ನೂರೈವತ್ತು ವರ್ಷದ ಹೆಸರು, ಅದನ್ನು ಹುಡುಕಿಕೊಂಡು ಬರುವ ಓದುಗರು, ಎಲ್ಲ ನನ್ನ ಮಕ್ಕಳ ಕೈತಪ್ಪುತ್ತದೆ.

ಇದನ್ನು ಕೇಳಿ ಶಿಫಾ ಸಿಡಿದಳು. “ನಿನ್ ಹಟಕ್ಕೆ ನಾವು ಇಪ್ಪತ್ತೆರಡು ಜನ ಸೊನ್ನಿಯಿಂದ ಶುರು ಮಾಡ್ಬೇಕಾ ಅಜ್ಜಿ? ನಮ್ನ ಯಾರು ಓದ್ತಾರೆ?” ಯಾರೂ ಓದಲಿಕ್ಕಿಲ್ಲ, ಆದರೂ ಬರೆಯಿರಿ ಎಂದೆ. ಅವಳು ದಡದಡನೆ ನೆಲಮಾಳಿಗೆಗೆ ಇಳಿದು ಹೋದಳು. ಇವತ್ತು ಬೆಳಿಗ್ಗೆ ಮಕ್ಕಳೆಲ್ಲ ಸೇರಿ ಹೊಸ ಖಾತೆ ತೆರೆದಿದ್ದಾರೆ. ಹೊಸ ಹನ್ನೆರಡು ಪದಗಳನ್ನು ಹಂಚಿದ್ದಾರೆ. ನನಗೂ ಒಂದು ಕೊಡುತ್ತಾರೆಂದು ತಲೆ ಬಾಚಿಕೊಂಡು ಕಾದಿದ್ದೆ. ಶಿಫಾ ಬಂದು, “ನಿಂಗೆ ಕೊಡಲ್ಲ ಅಜ್ಜಿ. ನಾಳೆ ಅವ್ರು ಬರ್ತಾರಲ್ಲ” ಎಂದಳು. ಎದೆಗೆ ಚುಚ್ಚಿತು. ಆಮೇಲೆ ಹೆಮ್ಮೆಯಾಯಿತು, ಆಮೇಲೆ ಮತ್ತೆ ಚುಚ್ಚಿತು. ಅವಳ ಮೊದಲ ಬರಹ ನನ್ನ ಬಗ್ಗೆಯೇ, ಹೊಗಳಿಕೆ ಏನೂ ಇಲ್ಲ. ಇಲ್ಲಿಯವರೆಗೆ ನಾಲ್ಕು ಜನ ಓದಿದ್ದಾರೆ, ಅದರಲ್ಲಿ ನಾನೊಬ್ಬಳು.

ನಿಮ್ಮಲ್ಲಿ ಒಂದು ಬೇಡಿಕೆ. ನೀವು ಬಾಗಿಲು ಹಾಕಿದ ಆ ಹತ್ತೊಂಬತ್ತು ದಿನಗಳಲ್ಲಿ ಇನ್ನೂ ಇಬ್ಬರು ಮಕ್ಕಳು ಕ್ಲಾಸು ಬಿಟ್ಟವರು ಮತ್ತೆ ಬರಲಿಲ್ಲ. ಅವರ ಹೆಸರು ನಿಮ್ಮ ಬರಹಗಳಲ್ಲಿ ಆಮೇಲೆ ಎಲ್ಲೂ ಇಲ್ಲ. ಹುಡುಕಿ ಹುಡುಕಿ ಸಾಕಾಗಿದೆ ನನಗೆ. ನಿಮಗಾಗಲಿ, ನಿಮ್ಮ ಹಾಗೆ ಇಂಥ ಮಕ್ಕಳಿಗೆ ಕಲಿಸುವ ಇನ್ಯಾರಿಗಾಗಲಿ ಹೇಳುವುದಿಷ್ಟೇ: ಕೋಪ ಬಂದರೆ ಬೈಯಿರಿ, ಬಾಗಿಲು ಮಾತ್ರ ಹಾಕಬೇಡಿ.

ಮಂಡಳಿಯವರು ನಾಲ್ಕು ಜನ ಬರುತ್ತಾರಂತೆ, ಮೂರು ಕುರ್ಚಿ ಇವೆ, ಇನ್ನೊಂದನ್ನು ಹೊನ್ನೂರಮ್ಮನ ಮನೆಯಿಂದ ತಂದಿದ್ದೇನೆ. ನೀರುಚೀಟಿಯನ್ನು ನಾನೇ ತೆಗೆದು ಮೇಜಿನ ಮೇಲೆ ಇಟ್ಟಿರುತ್ತೇನೆ, ಅವರು ಕೇಳುವ ಶ್ರಮ ಬೇಡ. ಕೂರಿಸಿ ಚಹಾ ಕೊಡುತ್ತೇನೆ. ಕುಡಿದು ಹೋಗಲಿ.

ನಿಮ್ಮ ಶಾಲೆಯ,
ರಮೀಜಾ ದುರುಗಮ್ಮ